ವೆಂಟಿಲೇಟರ್ ಆಮೇಲೆ ನೋಡೋಣ, ಮೊದಲು ಗೇಟಿಗೆ ಬನ್ನಿ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಗಡಿ ಕಡೆ ಊರವರೇ ಸೇರಿ ನಡೆಸುವ 30 ಹಾಸಿಗೆಯ ಆಸ್ಪತ್ರೆ. ಮೂವರು ಡಾಕ್ಟರು, ಹನ್ನೊಂದು ನರ್ಸುಗಳು ಇದ್ದಾರೆ. ಇನ್ನೊಂದು ದೊಡ್ಡ ಫ್ಲೂ ಬಂದರೆ ಕೋವಿಡ್ ಸಮಯದ ಹಾಗೆ ಒದ್ದಾಡಬಾರದು ಅಂತ ಸಮಿತಿಯಲ್ಲಿ ಮಾತಾಯಿತು. ದುಬೈಯಲ್ಲಿರುವ ನಮ್ಮೂರಿನವರೊಬ್ಬರು ಎರಡು ವೆಂಟಿಲೇಟರ್ ಕೊಡಿಸುತ್ತೇನೆ ಅಂದಿದ್ದಾರೆ. ಡಾಕ್ಟ್ರೇ, ತೆಗೆದುಕೊಳ್ಳೋಣವಾ? ಬೇರೆ ಏನೇನು ತಯಾರಿ ಬೇಕು?
— ಆಡಳಿತ ಸಮಿತಿಯ ಕಾರ್ಯದರ್ಶಿ

ಉತ್ತರ: ಕಾರ್ಯದರ್ಶಿಗಳೇ, ಕೊಡುವವರ ಮನಸ್ಸು ದೊಡ್ಡದು. ಆದರೂ ಸದ್ಯಕ್ಕೆ ವೆಂಟಿಲೇಟರ್ ಬೇಡ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

ನಿಮ್ಮ ಆಸ್ಪತ್ರೆಯನ್ನು ನಂಬಿರುವ ಸುತ್ತಮುತ್ತಲಿನ ಊರುಗಳಲ್ಲಿ 30,000 ಜನ ಇದ್ದಾರೆ ಅಂತ ಇಟ್ಟುಕೊಳ್ಳಿ. ಹೊಸ ಫ್ಲೂ ಬಂದು ಮೊದಲ ಅಲೆಯಲ್ಲಿ ನಾಲ್ಕರಲ್ಲಿ ಒಬ್ಬರು ಮಲಗಿದರೆ 7,500 ಜನ ಆಯಿತು. ಇವರೆಲ್ಲ ಒಂದೇ ದಿನ ಬರುವುದಿಲ್ಲ. ಅಲೆ ಎರಡು, ಎರಡೂವರೆ ತಿಂಗಳು ಇರುತ್ತದೆ. ಆದರೆ ನಡುವಿನ ಒಂದು ವಾರದಲ್ಲೇ ಐದನೇ ಒಂದು ಭಾಗ ಬಂದೀತು, ಅಂದರೆ 1,500. ಅದರಲ್ಲಿ ಅರ್ಧ ಜನ ನಿಮ್ಮ ಬಾಗಿಲಿಗೆ ಬಂದರೂ, ಭಾನುವಾರ ಬಿಟ್ಟು ದಿನಕ್ಕೆ 125 ಜನ ಹೆಚ್ಚುವರಿ. ಈಗಿನ ಒಪಿ ಜೊತೆಗೆ ಇದು! ನೂರರಲ್ಲಿ ಒಬ್ಬರನ್ನು ದಾಖಲು ಮಾಡಬೇಕಾಯಿತು ಅಂದುಕೊಳ್ಳಿ. ಆ ವಾರಕ್ಕೆ 15 ಜನ, ಒಬ್ಬೊಬ್ಬರು ಐದು ದಿನ ಇದ್ದರೆ ಹನ್ನೊಂದು ಹಾಸಿಗೆ ತುಂಬಿರುತ್ತದೆ. ವೆಂಟಿಲೇಟರ್ ಬೇಕಾಗುವಷ್ಟು ಕೆಟ್ಟವರು ಇಡೀ ಅಲೆಯಲ್ಲಿ ಎಂಟು ಹತ್ತು ಜನ ಇದ್ದಾರು. ಇವು ನಾನು ಊಹಿಸಿ ಹಾಕಿದ ಅಂಕಿ, ವೈರಸ್ಸು ಮೃದುವಾಗಿದ್ದರೆ ಕಡಿಮೆ, ಕ್ರೂರವಾಗಿದ್ದರೆ ಜಾಸ್ತಿ. ನಿಮ್ಮೂರಿನ ಜನಸಂಖ್ಯೆ ಹಾಕಿ ನೀವೇ ಮತ್ತೊಮ್ಮೆ ಕೂಡಿಸಿ ನೋಡಿ. ಹೇಗೆ ಕೂಡಿಸಿದರೂ ಮೊದಲು ಮುರಿದು ಬೀಳುವುದು ಒಪಿಯ ಸಾಲು, ಐಸಿಯು ಅಲ್ಲ.

ಇನ್ನು ವೆಂಟಿಲೇಟರಿನ ಪಕ್ಕದಲ್ಲಿ ಒಬ್ಬ ನರ್ಸು ಹಗಲು ರಾತ್ರಿ ಬೇಕು. ಮೂರು ಪಾಳಿ, ವಾರದ ರಜೆ, ಯಾರಿಗೋ ಹುಷಾರಿಲ್ಲ — ಎಲ್ಲ ಸೇರಿದರೆ ಒಂದು ಹಾಸಿಗೆಗೆ ಐದು ನರ್ಸುಗಳು ಬೇಕಾಗುತ್ತಾರೆ. ಎರಡು ವೆಂಟಿಲೇಟರಿಗೆ ಹತ್ತು. ನಿಮ್ಮಲ್ಲಿರುವುದು ಹನ್ನೊಂದು. ಉಳಿದ ಒಬ್ಬರು 28 ಹಾಸಿಗೆ ನೋಡಿಕೊಳ್ಳಬೇಕಾ? ಅದೂ ಎಲ್ಲರೂ ಕೆಲಸಕ್ಕೆ ಬಂದರೆ. ಅಲೆ ತುಂಬ ಜೋರಾಗಿರುವಾಗ ಸಿಬ್ಬಂದಿಯಲ್ಲಿ 30ರಿಂದ 40% ಜನ ಬರಲಾರರು ಅಂತ ಇಟ್ಟುಕೊಂಡೇ ಇಂಥ ಯೋಜನೆ ಮಾಡುವುದು ರೂಢಿ. ಕೆಲವರಿಗೆ ಅವರಿಗೇ ಜ್ವರ, ಕೆಲವರಿಗೆ ಮನೆಯಲ್ಲಿ ಮಗುವಿಗೆ ಜ್ವರ. ಮೂವರು ಡಾಕ್ಟರಲ್ಲಿ ಅರಿವಳಿಕೆ ಅಥವಾ ಐಸಿಯು ತರಬೇತಿ ಆದವರು ಇಲ್ಲದಿದ್ದರೆ ಆ ಯಂತ್ರ ಪ್ಲಾಸ್ಟಿಕ್ ಕವರಿನೊಳಗೇ ಇರುತ್ತದೆ. ಹಾಗೆ ಇರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಗೇಟಿನಿಂದ.

ಕೆಲವು ವರ್ಷಗಳ ಹಿಂದೆ ನಿಮ್ಮಂಥದ್ದೇ ಒಂದು ಆಸ್ಪತ್ರೆಯಲ್ಲಿ ನಾನೊಂದು ಪರೀಕ್ಷೆ ಮಾಡಿದ್ದೆ. ಖರ್ಚು ಹತ್ತು ರೂಪಾಯಿಯ ಕುಂಕುಮ, ಎರಡು ಚಮಚ ತೆಂಗಿನೆಣ್ಣೆ. ಅಟೆಂಡರೊಬ್ಬರ ಎರಡೂ ಅಂಗೈಗೆ ಹಚ್ಚಿ, 'ನೀವೀಗ ಜ್ವರ ಬಂದವರು, ಗೇಟಿನಿಂದ ವಾರ್ಡಿನ ತನಕ ರೋಗಿಯ ಹಾಗೇ ಬನ್ನಿ' ಅಂದೆ. ಅವರು ಬಂದರು. ಚೀಟಿ ಮಾಡಿಸಿದರು, ಬೆಂಚಿನಲ್ಲಿ ಕೂತರು, ನೀರು ಕುಡಿದರು, ಡಾಕ್ಟರಿಗೆ ತೋರಿಸಿದರು, ಮದ್ದು ತೆಗೆದುಕೊಂಡರು. ಆಮೇಲೆ ನಾವೆಲ್ಲ ಕೆಂಪು ಎಲ್ಲೆಲ್ಲಿ ಆಗಿದೆ ಅಂತ ಹುಡುಕಿದೆವು. ನೀರಿನ ಫಿಲ್ಟರಿನ ನಲ್ಲಿ, ಬೆಂಚಿನ ಬೆನ್ನು, ಬಿಪಿ ನೋಡುವ ಪಟ್ಟಿ, ಫಾರ್ಮಸಿಯ ಕಬ್ಬಿಣದ ಸರಳು, ಡಾಕ್ಟರ ಮೇಜಿನ ಅಂಚು. ಎಲ್ಲಕ್ಕಿಂತ ಕೆಂಪಾಗಿದ್ದದ್ದು ಚೀಟಿ ಕೌಂಟರಿನಲ್ಲಿ ದಾರ ಕಟ್ಟಿ ನೇತುಹಾಕಿದ್ದ ಪೆನ್ನು. ನಡುವೆ ಅದೇ ಪೆನ್ನಿನಲ್ಲಿ ನಾನೂ ಏನೋ ಬರೆದುಕೊಂಡಿದ್ದೆ, ಕನ್ನಡಕ ಸರಿಮಾಡಿಕೊಂಡಿದ್ದೆ. ನನ್ನ ಮೂಗಿನ ಮೇಲೂ ಕುಂಕುಮ ಇತ್ತು ಮಾರಾಯ್ರೆ, ನರ್ಸುಗಳು ನಕ್ಕಾಗಲೇ ಗೊತ್ತಾದದ್ದು.

ಫ್ಲೂ ಹೆಚ್ಚಾಗಿ ಹರಡುವುದು ಕೆಮ್ಮು ಸೀನಿನಿಂದ, ಮುಚ್ಚಿದ ಕೋಣೆಯ ಗಾಳಿಯಿಂದ. ಕೈಯಿಂದ ಹರಡುವುದು ಅದಕ್ಕಿಂತ ಕಡಿಮೆ. ಆದರೆ ಉಸಿರು ಕಣ್ಣಿಗೆ ಕಾಣುವುದಿಲ್ಲ, ಕುಂಕುಮ ಕಾಣುತ್ತದೆ. ಕೆಮ್ಮುವವನು ನಿಮ್ಮಲ್ಲಿ ಎಲ್ಲೆಲ್ಲಿ ನಿಲ್ಲುತ್ತಾನೆ, ಎಷ್ಟು ಹೊತ್ತು, ಯಾರ ಪಕ್ಕ ಅಂತ ಆ ಕೆಂಪು ಹೇಳಿಬಿಡುತ್ತದೆ. ಆ ಆಸ್ಪತ್ರೆಯಲ್ಲಿ ಜ್ವರದವರೂ ಬಸುರಿಯರೂ ಒಂದೇ ಬೆಂಚಿನಲ್ಲಿ ಮುಕ್ಕಾಲು ಗಂಟೆ ಕೂರುತ್ತಿದ್ದರು ಅನ್ನುವುದು ಅವತ್ತಿನವರೆಗೆ ಯಾರ ತಲೆಗೂ ಹೋಗಿರಲಿಲ್ಲ. 2018ರಲ್ಲಿ ಕೋಝಿಕ್ಕೋಡ್‌ನಲ್ಲಿ ನಿಪಾ ಬಂದಾಗ ಹೆಚ್ಚಿನವರಿಗೆ ತಗುಲಿದ್ದು ಮನೆಯಲ್ಲಿ ಅಲ್ಲ, ಆಸ್ಪತ್ರೆಯೊಳಗೆ.

ಆದ್ದರಿಂದ ಗೇಟಿನ ಹತ್ತಿರ ಹೊರಗೇ ಒಂದು ಶೀಟಿನ ಮಾಡು ಹಾಕಿಸಿ. ಮೂರು ಕಡೆ ತೆರೆದಿರಲಿ, ಮಳೆ ಇರಚಲು ಬಾರದ ಹಾಗೆ ಸ್ವಲ್ಪ ಉದ್ದ ಇಳಿಸಿ. ಜ್ವರ, ಕೆಮ್ಮು ಇದ್ದವರು ಅಲ್ಲೇ ಕೂರಬೇಕು, ಅಲ್ಲೇ ಚೀಟಿ, ಅಲ್ಲೇ ಡಾಕ್ಟರು, ಅಲ್ಲಿಂದಲೇ ಮದ್ದು ತೆಗೆದುಕೊಂಡು ಹೊರಗೆ. ಕಟ್ಟಡದೊಳಗೆ ಕಾಲಿಡುವುದು ದಾಖಲಾಗುವವರು ಮಾತ್ರ, ಅದೂ ಬೇರೆ ಬಾಗಿಲಿನಿಂದ. ಕುರ್ಚಿಗಳ ನಡುವೆ ಒಂದು ಮೀಟರ್, ಬಂದವರಿಗೆಲ್ಲ ಮೂರು ಪದರದ ಮಾಸ್ಕ್, ಎರಡು ನಲ್ಲಿ, ಸೋಪು. ಇಷ್ಟೇ. ವಾರ್ಡಿನಲ್ಲೂ ಎದುರುಬದುರು ಕಿಟಕಿ ಇರುವ ಕೋಣೆಯನ್ನೇ ಫ್ಲೂವಿಗೆ ಇಡಿ, ಎಸಿ ಕೋಣೆ ಖಂಡಿತ ಬೇಡ.

ಆ ಮಾಡಿನಡಿ ಕೂರುವ ನರ್ಸಿಗೆ ಬೇಕಾದ್ದು ಮೂರು ರಾಶಿ ಮಾಡುವ ಅಭ್ಯಾಸ. 2009ರ ಎಚ್1ಎನ್1, ಅಂದರೆ ಹಂದಿಜ್ವರದ ಕಾಲದಿಂದ ಬಂದ ಎ, ಬಿ, ಸಿ ವಿಂಗಡಣೆ ನಿಮ್ಮ ಡಾಕ್ಟರಿಗೆ ಗೊತ್ತಿರುತ್ತದೆ. ಸಾದಾ ಜ್ವರ, ಕೆಮ್ಮು, ಮೈಕೈ ನೋವು ಇದ್ದರೆ ಎ, ಪ್ಯಾರಸಿಟಮಾಲ್ ಕೊಟ್ಟು ಮನೆಗೆ. ಜ್ವರ ಜೋರು, ಗಂಟಲು ತುಂಬ ನೋವು, ಇಲ್ಲವೇ ಬಸುರಿ, ಪುಟ್ಟ ಮಗು, ವಯಸ್ಸಾದವರು, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶ, ಕಿಡ್ನಿ ತೊಂದರೆ ಇರುವವರು ಆದರೆ ಬಿ. ಇವರೂ ಮನೆಯಲ್ಲೇ ಇರಬಹುದು, ಆದರೆ ಅಪಾಯದ ಗುಂಪಿನವರಿಗೆ ಫ್ಲೂ ವೈರಸ್ಸಿನ ಮದ್ದು ಒಸೆಲ್ಟಾಮಿವಿರ್ ಶುರು ಮಾಡಬೇಕು. ಉಸಿರು ಕಟ್ಟುವುದು, ಎದೆನೋವು, ಕಫದಲ್ಲಿ ರಕ್ತ, ಉಗುರು ನೀಲಿ, ಮಂಪರು, ಮಗು ಹಾಲು ಬಿಟ್ಟದ್ದು — ಇವು ಸಿ, ಕೂಡಲೇ ದಾಖಲು. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ 94ಕ್ಕಿಂತ ಕಡಿಮೆ ಕಂಡರೂ ಡಾಕ್ಟರು ಎದ್ದು ಬರಬೇಕು.

ಒಸೆಲ್ಟಾಮಿವಿರ್ ದೊಡ್ಡವರಿಗೆ 75 ಮಿ.ಗ್ರಾಂ., ದಿನಕ್ಕೆರಡು, ಐದು ದಿನ. ಮಕ್ಕಳಿಗೆ ತೂಕ ನೋಡಿ, ಕಿಡ್ನಿ ತೊಂದರೆ ಇದ್ದವರಿಗೆ ಕಡಿಮೆ ಮಾಡಿ ಡಾಕ್ಟರೇ ಬರೆಯಬೇಕು. ಜ್ವರ ಶುರುವಾಗಿ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಪ್ರಯೋಜನ. ಹಾಗಾಗಿ ಗಂಟಲ ದ್ರವದ ವರದಿ ಬರಲಿ ಅಂತ ಕಾಯಬೇಡಿ. ಹತ್ತು ಕ್ಯಾಪ್ಸೂಲಿನ ಒಂದು ಪಟ್ಟಿ ಅಂದರೆ ಒಬ್ಬರ ಪೂರ್ತಿ ಮದ್ದು, ಲೆಕ್ಕ ಸುಲಭ. ದಾಸ್ತಾನು ಇಟ್ಟುಕೊಳ್ಳಿ, ಆದರೆ ಸಮಿತಿಯವರು 'ಮನೆಗೊಂದು ಇರಲಿ' ಅಂತ ಒಯ್ಯದ ಹಾಗೆ ಬೀಗ ಹಾಕಿ. ನಗಬೇಡಿ, ಇದು ನಡೆಯುತ್ತದೆ.

ಕೋವಿಡ್ ಫೈಲನ್ನೇ ಧೂಳು ಕೊಡವಿ ತಂದರೆ ಆಗದಾ ಅಂತ ಕೇಳುವವರು ಇದ್ದಾರೆ. ಅರ್ಧ ಆಗುತ್ತದೆ, ಅರ್ಧ ಆಗುವುದಿಲ್ಲ. ಫ್ಲೂವಿಗೆ ಅವಸರ ಜಾಸ್ತಿ. ತಗುಲಿದ ಒಂದರಿಂದ ನಾಲ್ಕು ದಿನದಲ್ಲಿ ಜ್ವರ ಕಾಣಿಸುತ್ತದೆ, ಕಾಣಿಸುವ ಹಿಂದಿನ ದಿನದಿಂದಲೇ ಹರಡುತ್ತದೆ. ಯಾರು ಯಾರ ಜೊತೆ ಕೂತಿದ್ದರು ಅಂತ ಪಟ್ಟಿ ಮಾಡುವಷ್ಟರಲ್ಲಿ ಆ ಪಟ್ಟಿಯವರೆಲ್ಲ ಇನ್ನೊಬ್ಬರಿಗೆ ಕೊಟ್ಟಾಗಿರುತ್ತದೆ. ಮೊದಲ ಕೆಲವು ರೋಗಿಗಳನ್ನು ಬಿಟ್ಟರೆ ಸಂಪರ್ಕ ಹುಡುಕುವುದರಲ್ಲಿ ನಿಮ್ಮ ಜನರನ್ನು ಸವೆಸಬೇಡಿ. ಎರಡನೆಯದು, ಇದನ್ನು ಊರಿಗೆ ಹಂಚುವುದರಲ್ಲಿ ಮಕ್ಕಳೇ ಮುಂದೆ. ಶಾಲೆ, ಅಂಗನವಾಡಿಯ ಟೀಚರುಗಳ ಫೋನ್ ನಂಬರ್ ನಿಮ್ಮ ಹತ್ತಿರ ಇರಲಿ. 'ಇವತ್ತು ಒಂದೇ ಕ್ಲಾಸಿನಲ್ಲಿ ಎಂಟು ಮಕ್ಕಳಿಲ್ಲ' ಅನ್ನುವ ಮಾತು ಯಾವ ಲ್ಯಾಬಿಗಿಂತ ಮೊದಲು ಸುದ್ದಿ ಕೊಡುತ್ತದೆ. ಮೂರನೆಯದು, ಹೊಸ ಫ್ಲೂ ಮುದುಕರನ್ನೇ ಹುಡುಕಿಕೊಂಡು ಬರುತ್ತದೆ ಅಂತ ಇಲ್ಲ. 2009ರ ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಮಹಾಮಾರಿ ಅಂತ ಸಾರಿದ ಎಚ್1ಎನ್1 ಪ್ರಾಯದವರನ್ನೂ ಬಸುರಿಯರನ್ನೂ ಜಾಸ್ತಿ ಕಾಡಿತು. 1918ರದ್ದೂ ಗಟ್ಟಿಮುಟ್ಟಾದ ಪ್ರಾಯದವರನ್ನೇ ಕೊಂದದ್ದು. ನಿಮ್ಮ ಹೆರಿಗೆ ವಾರ್ಡು ಮತ್ತು ಜ್ವರದ ವಾರ್ಡು ಒಂದೇ ಓಣಿಯಲ್ಲಿದ್ದರೆ ಅದನ್ನು ಈಗಲೇ ಬದಲಾಯಿಸಿ.

ನಮ್ಮ ಕಡೆ ಇನ್ನೊಂದು ತೊಡಕು ಉಂಟು. ಫ್ಲೂ ಹೆಚ್ಚಾಗಿ ಮಳೆಗಾಲದಲ್ಲೇ ಏರುವುದು, ಅದೇ ಹೊತ್ತಿಗೆ ಡೆಂಗಿಯೂ ಇಲಿಜ್ವರವೂ ಇರುತ್ತವೆ. ಅಡಕೆ ತೋಟದಲ್ಲಿ ಬಿದ್ದ ಹಾಳೆಯಲ್ಲಿ ನೀರು, ನೀರಲ್ಲಿ ಸೊಳ್ಳೆ. ಗದ್ದೆ ಕೆಸರಿನಲ್ಲಿ ಇಲಿಯ ಮೂತ್ರ. ಊರೆಲ್ಲ ಫ್ಲೂ ಅಂದ ಕೂಡಲೇ ಪ್ರತಿ ಜ್ವರವೂ ಫ್ಲೂ ಆಗಿಬಿಡುತ್ತದೆ, ಡಾಕ್ಟರ ಕಣ್ಣಿಗೂ. ಕೆಮ್ಮೇ ಇಲ್ಲದ ಜ್ವರ, ಕಣ್ಣು ಹಳದಿ ಅಥವಾ ಕೆಂಪು, ಮೀನಖಂಡ ಹಿಡಿದರೆ ಜೀವ ಹೋಗುವ ನೋವು, ಮೈಮೇಲೆ ಕೆಂಪು ಚುಕ್ಕೆ — ಇಂಥವರನ್ನು ಫ್ಲೂ ಸಾಲಿನಿಂದ ಆಚೆ ತೆಗೆಯಬೇಕು. ಜ್ವರ ಯಾವುದು ಅಂತ ಗೊತ್ತಾಗುವ ತನಕ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆಯಾಗಲಿ ಸೂಜಿಯಾಗಲಿ ಬೇಡ, ಡೆಂಗಿ ಆಗಿದ್ದರೆ ರಕ್ತಸ್ರಾವದ ಭಯ. ಮಕ್ಕಳಿಗೆ ಆಸ್ಪಿರಿನ್ ಅಂತೂ ಮುಟ್ಟಲೇಬಾರದು.

'ಡಾಕ್ಟ್ರೇ, ಒಂದು ಗ್ಲೂಕೋಸ್ ಹಾಕಿ ಕಳಿಸಿ' ಅನ್ನುವವರಿಗೆ ಏನು ಹೇಳುವುದು ಅಂತಲೂ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಬೇಡದ ಒಂದು ಡ್ರಿಪ್ಪಿಗೆ ಒಂದು ಹಾಸಿಗೆ ನಾಲ್ಕು ಗಂಟೆ ಹೋಗುತ್ತದೆ. ಹಾಗೇ, ಕೆಮ್ಮಿದವರಿಗೆಲ್ಲ ನೆಬ್ಯುಲೈಸರ್ ಹಾಕುವ ಅಭ್ಯಾಸವೂ ಬಿಡಬೇಕು. ಆ ಹೊಗೆಯ ಜೊತೆ ವೈರಸ್ಸೂ ಕೋಣೆ ತುಂಬಾ ಹಾರೀತು. ಸ್ಪೇಸರ್, ಅಂದರೆ ಮದ್ದು ಸೇದುವ ಕೊಳವೆ ಹಾಕಿದ ಇನ್‌ಹೇಲರ್ ಅದೇ ಕೆಲಸ ಮಾಡುತ್ತದೆ. ಅನಿವಾರ್ಯವಾಗಿ ನೆಬ್ಯುಲೈಸರ್ ಹಾಕುವಾಗ, ಕಫ ಎಳೆಯುವಾಗ ಮಾತ್ರ ಎನ್95 ಮಾಸ್ಕ್. ಉಳಿದ ಹೊತ್ತಿಗೆ ಸಾದಾ ಸರ್ಜಿಕಲ್ ಮಾಸ್ಕ್ ಸಾಕು, ಸರಿಯಾಗಿ ಮೂಗು ಮುಚ್ಚಿದ್ದರೆ.

ಈಗ ಆಮ್ಲಜನಕಕ್ಕೆ ಬರೋಣ. ದುಬೈಯವರ ದುಡ್ಡು ಹೋಗಬೇಕಾದ್ದು ಇಲ್ಲಿಗೆ. ಒಂದು ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಇರುತ್ತದೆ. ಎಂಟು ರೋಗಿಗಳಿಗೆ ನಿಮಿಷಕ್ಕೆ ಐದೈದು ಲೀಟರ್ ಕೊಟ್ಟರೆ ದಿನಕ್ಕೆ 57,600 ಲೀಟರ್. ಎಂಟು ಜಂಬೋ ಮುಗಿದು ಒಂಬತ್ತನೆಯದಕ್ಕೆ ಕೈ ಹಾಕಿರುತ್ತೀರಿ. ನಿಮ್ಮಲ್ಲಿ ಈಗ ಎಷ್ಟಿವೆ? ತುಂಬಿಸಿಕೊಂಡು ಬರಲು ಗಾಡಿ ಎಲ್ಲಿಗೆ ಹೋಗುತ್ತದೆ? ಮಂಗಳೂರಿಗೆ ಅಂತಾದರೆ 2021ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಆ ಕಡೆಯಿಂದ ಸಿಲಿಂಡರ್ ಬರುವುದಕ್ಕೆ ತಡೆಯಾಗಿ, ಖಾಲಿ ಸಿಲಿಂಡರ್ ಇದ್ದವರು ಕೊಡಿ ಅಂತ ಜಿಲ್ಲೆಯಲ್ಲಿ ಜನರನ್ನು ಕೇಳಬೇಕಾಯಿತು. ಗಡಿಯ ಆಚೆ ಒಬ್ಬ, ಈಚೆ ಒಬ್ಬ — ಇಬ್ಬರು ಸರಬರಾಜುದಾರರ ಜೊತೆ ಕಾಗದದಲ್ಲಿ ಒಪ್ಪಂದ ಮಾಡಿಕೊಳ್ಳಿ. ಬಾಯಿಮಾತು ಸಾಲದು.

ಹಾಗೇ ನಿಮಿಷಕ್ಕೆ ಹತ್ತು ಲೀಟರ್ ಕೊಡುವ ನಾಲ್ಕು ಕಾನ್ಸಂಟ್ರೇಟರ್ ಇದ್ದರೆ ಸಿಲಿಂಡರಿನ ಹೊರೆ ಎಷ್ಟೋ ಇಳಿಯುತ್ತದೆ. ಅದು ಗಾಳಿಯಿಂದಲೇ ಆಮ್ಲಜನಕ ಮಾಡುತ್ತದೆ, ಆದರೆ ಕರೆಂಟು ಬೇಕು. ಆಟಿ ತಿಂಗಳಲ್ಲಿ ನಮ್ಮಲ್ಲಿ ಕರೆಂಟು ಇರುವ ಚಂದ ನಿಮಗೇ ಗೊತ್ತು. ಜನರೇಟರಿನ ಡೀಸೆಲ್ ಎಷ್ಟು ಗಂಟೆಗೆ ಸಾಕು ಅಂತ ಒಮ್ಮೆ ಓಡಿಸಿಯೇ ನೋಡಿ. ಜೊತೆಗೆ ಪ್ರತಿ ಪಾಳಿಯಲ್ಲೂ ಒಬ್ಬ ನರ್ಸಿಗೆ ಒಂದೇ ಕೆಲಸ ಕೊಡಿ: ಎರಡು ಗಂಟೆಗೊಮ್ಮೆ ಹಾಸಿಗೆಯಿಂದ ಹಾಸಿಗೆಗೆ ಹೋಗಿ, ಆಕ್ಸಿಮೀಟರ್ 97, 98 ತೋರಿಸುತ್ತಿದ್ದರೆ ಆಮ್ಲಜನಕ ಕಡಿಮೆ ಮಾಡುವುದು. ಊಟ ಮಾಡುವಾಗ ಮಾಸ್ಕ್ ತೆಗೆದು ಪಕ್ಕಕ್ಕಿಟ್ಟು ಸುಮ್ನೆ ಬುಸ್ ಅಂತ ಬಿಟ್ಟಿರುತ್ತಾರೆ, ಅದನ್ನು ನಿಲ್ಲಿಸಿದರೇ ದಿನಕ್ಕೆ ಎಷ್ಟೋ ಉಳಿಯುತ್ತದೆ.

ನಿಮ್ಮ ಕೈ ಮೀರಿದವರನ್ನು ಎಲ್ಲಿಗೆ ಕಳಿಸುತ್ತೀರಿ? ನಮ್ಮ ಅಭ್ಯಾಸ ಗೊತ್ತಲ್ವಾ, ಉಸಿರು ಜೋರಾದರೆ ಆಂಬುಲೆನ್ಸಿನ ಮೂತಿ ತಾನಾಗಿ ಮಂಗಳೂರಿನ ದಾರಿಗೆ, ಗಡಿಯ ತಲಪಾಡಿ ಕಡೆ ತಿರುಗುತ್ತದೆ. 2020ರ ಮಾರ್ಚಿನಲ್ಲಿ ಕೋವಿಡ್ ಅಂತ ಕರ್ನಾಟಕ ಗಡಿ ಮುಚ್ಚಿ, ಆ ದಾರಿಗೆ ಮಣ್ಣು ಬಿತ್ತು. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಹೋಗಿ, ಏಪ್ರಿಲ್‌ನಲ್ಲಿ ರೋಗಿಗಳನ್ನು ಬಿಡಲು ಒಪ್ಪಿಗೆ ಆಯಿತು. ಅಷ್ಟರೊಳಗೆ ದಾರಿಯಲ್ಲೇ ಕೆಲವರ ಜೀವ ಹೋಗಿತ್ತು. ಆ ದಿನಗಳಲ್ಲೇ ನಿಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ತರಾತುರಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಿದ್ದು. ಮಂಗಳೂರು ಬೇಡ ಅನ್ನುತ್ತಿಲ್ಲ. ಆದರೆ ಗೋಡೆಯ ಮೇಲಿನ ಪಟ್ಟಿಯಲ್ಲಿ ಗಡಿ ದಾಟದೆ ಹೋಗಬಹುದಾದ ಜಾಗಗಳೂ ಇರಲಿ: ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ, ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜು. ಫೋನ್ ಎತ್ತುವವರ ಹೆಸರು ಸಮೇತ, ಆರು ತಿಂಗಳಿಗೊಮ್ಮೆ ಕರೆ ಮಾಡಿ ನೋಡಿ. ಗಡಿಯಾಚೆ ವಿಟ್ಲ, ಪುತ್ತೂರು ಕಡೆಯಿಂದ ದಿನಾ ಬಂದು ಹೋಗುವ ನರ್ಸು, ಅಟೆಂಡರುಗಳು ನಿಮ್ಮಲ್ಲಿದ್ದರೆ ಅವರಿಗೆ ಇಲ್ಲೇ ಉಳಿಯಲು ಕೋಣೆ, ಅಡುಗೆಯ ವ್ಯವಸ್ಥೆ ಯೋಚಿಸಿ. ಇಲ್ಲದಿದ್ದರೆ ಗೇಟು ಬಿದ್ದ ದಿನ ಪಾಳಿಯ ಪಟ್ಟಿಯೇ ಹರಿದಂತೆ.

ನೀವು ಕೇಳದ ಒಂದು ವಿಷಯ ಹೇಳಬೇಕು, ಭಾಷೆಯದ್ದು. ಒಂದು ಆಸ್ಪತ್ರೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಒಬ್ಬರು ಬಂದು 'ಎದೆ ಕಟ್ಟಿದ ಹಾಗೆ ಆಗ್ತದೆ ಮಗಾ' ಅಂದರು. ನರ್ಸು ಕೋಟ್ಟಯಂ ಕಡೆಯ ಹುಡುಗಿ, ಕನ್ನಡ ಬಾರದು. ಸಾಲಿನಲ್ಲಿದ್ದ ಯಾರೋ 'ನೆಂಜುವೇದನ' ಅಂತ ಮಲಯಾಳಕ್ಕೆ ತಿರುಗಿಸಿದರು. ಎದೆನೋವು ಅಂತ ಬರೆದಾಯಿತು, ಇಸಿಜಿ ಆಯಿತು, ಹೃದಯದ ಡಾಕ್ಟರಿಗೆ ಕಳಿಸುವ ತಯಾರಿಯೂ ಆಯಿತು. ಅಜ್ಜಿ ಹೇಳಿದ್ದು ಕಫ ಕಟ್ಟಿದ್ದು, ಮಲಯಾಳದಲ್ಲಿ 'ಕಫಕ್ಕೆಟ್ಟ್' ಅನ್ನಬೇಕಿತ್ತು. ಆ ದಿನ ಅಜ್ಜಿಗೆ ಬಸ್ಸಿನ ಖರ್ಚು ಮಾತ್ರ ದಂಡ. ಆದರೆ ದಿನಕ್ಕೆ 125 ಜನ ಹೆಚ್ಚು ಬರುವಾಗ ಈ ತಪ್ಪು ಉಲ್ಟಾ ದಿಕ್ಕಿನಲ್ಲೂ ಆಗುತ್ತದೆ. ಉಸಿರು ಕಟ್ಟುವವರನ್ನು ಕಫ ಅಂತ ಮನೆಗೆ ಕಳಿಸಿಬಿಡುತ್ತಾರೆ.

ಮೇಲಿಂದ ಬರುವ ಸುತ್ತೋಲೆ, ಪೋಸ್ಟರುಗಳು ಮಲಯಾಳದಲ್ಲೇ ಜಾಸ್ತಿ. 'ಪನ್ನಿಪ್ಪನಿ', 'ಎಲಿಪ್ಪನಿ' ಅಂತ ಬರೆದರೆ ಮಲಯಾಳ ಓದದ ನಮ್ಮ ಹಿರಿಯರಿಗೆ ಅದು ಹಂದಿಜ್ವರ, ಇಲಿಜ್ವರ ಅಂತ ಹೊಳೆಯುವುದು ಹೇಗೆ? ಸಿ ಗುಂಪಿನ ಆರು ಲಕ್ಷಣಗಳನ್ನು ಕನ್ನಡ, ಮಲಯಾಳ ಎರಡರಲ್ಲೂ ದಪ್ಪಕ್ಷರದಲ್ಲಿ ಬರೆದು ಮಾಡಿನ ಕಂಬಕ್ಕೆ ಕಟ್ಟಿ. ತುಳು, ಬ್ಯಾರಿ, ಕೊಂಕಣಿ, ಮರಾಟಿಯಲ್ಲಿ ಅದನ್ನೇ ಬಾಯಲ್ಲಿ ಕೇಳಬಲ್ಲ ಹುಡುಗ ಹುಡುಗಿಯರು ಊರಲ್ಲೇ ಇದ್ದಾರೆ. ಕಾಲೇಜು ಮಕ್ಕಳು, ಕುಟುಂಬಶ್ರೀ ಮಹಿಳಾ ಸಂಘದವರು. ಅವರಿಗೆ ಮಾಸ್ಕ್ ಕೊಟ್ಟು ಪಾಳಿಗಿಬ್ಬರನ್ನು ಕೂರಿಸಿ. ದುಭಾಷಿ ಅಂತ ಎದೆಗೊಂದು ಚೀಟಿ ಅಂಟಿಸಿದರೆ ಅವರೂ ಗತ್ತಿನಿಂದ ಕೆಲಸ ಮಾಡುತ್ತಾರೆ.

ಹಾಸಿಗೆ ಹಿಡಿದವರನ್ನು ಮರೆಯಬೇಡಿ. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತ ಊರುಗಳಲ್ಲಿ ಮಲಗಿದಲ್ಲೇ ಇರುವ ಮಕ್ಕಳು, ದೊಡ್ಡವರು ಇದ್ದಾರೆ. ಮನೆಗೇ ಹೋಗಿ ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ನರ್ಸಿನ ಹತ್ತಿರ ಇಂಥವರ ಪಟ್ಟಿ ಇರುತ್ತದೆ. ಇವರನ್ನು ಸಾಲಿನಲ್ಲಿ ನಿಲ್ಲಿಸುವ ಬದಲು ಜೀಪು ಅವರ ಮನೆಗೆ ಹೋಗಲಿ. ಆಶಾ ಕಾರ್ಯಕರ್ತೆಯರ ಜೊತೆ ಈಗಲೇ ಒಂದು ಮಧ್ಯಾಹ್ನ ಕೂತು ಮಾತಾಡಿಕೊಳ್ಳಿ.

ಬೈಸ್ಟ್ಯಾಂಡರ್, ಅಂದರೆ ರೋಗಿಯ ಜೊತೆ ನಿಲ್ಲುವವರ ವಿಷಯ ಒಂದೇ ಮಾತಲ್ಲಿ: ರೋಗಿಗೊಬ್ಬರು, ಅದೂ ಬದಲಾಗದ ಒಬ್ಬರು. ಜೀಪು ತುಂಬಾ ನೋಡಲು ಬರುವ ಪದ್ಧತಿಗೆ ಸಮಿತಿಯ ಹಿರಿಯರೇ ಗೇಟಿನಲ್ಲಿ ನಿಂತು ಬೇಡ ಅನ್ನಬೇಕು, ವಾಚ್‌ಮನ್ ಹೇಳಿದರೆ ಜಗಳ ಆಗುತ್ತದೆ. ನೆಲ, ಮೇಜು ಒರೆಸಲು 1% ಹೈಪೋಕ್ಲೋರೈಟ್, ದಿನಾ ಹೊಸದಾಗಿ ಕಲಸಿದ್ದು. ಕಸದ ಚೀಲ, ಶವಾಗಾರದ ನಿಯಮಗಳು ನಿಮ್ಮಲ್ಲಿ ಹೇಗೂ ಇವೆ, ಅವನ್ನೇ ಪಾಲಿಸಿ. ಸಿಬ್ಬಂದಿಗೆ ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಫ್ಲೂ ಲಸಿಕೆ ಹಾಕಿಸಿ. ಹೊಸ ವೈರಸ್ಸಿಗೆ ಅದು ತಡೆ ಆಗದೇ ಇರಬಹುದು, ಅದಕ್ಕೆ ಬೇರೆ ಲಸಿಕೆ ಬರಲು ತಿಂಗಳುಗಳೇ ಬೇಕು. ಆದರೆ ಮಾಮೂಲಿ ಫ್ಲೂವಿನ ರಜೆ ಕಡಿಮೆ ಆಗುತ್ತದೆ.

ಇದನ್ನೆಲ್ಲ ಯಾವಾಗ ಶುರು ಮಾಡುವುದು ಅಂದರೆ, ಒಂದು ನೋಟ್‌ಬುಕ್ಕು ತನ್ನಿ. 38 ಡಿಗ್ರಿ ಅಥವಾ ಮೇಲೆ ಜ್ವರ, ಜೊತೆಗೆ ಕೆಮ್ಮು, ಶುರುವಾಗಿ ಹತ್ತು ದಿನದೊಳಗೆ — ಇಂಥವರು ದಿನಕ್ಕೆಷ್ಟು ಬಂದರು ಅಂತ ಒಂದು ಗೆರೆ ಬರೆಯಿರಿ. ಒಂದು ವರ್ಷ ಬರೆದರೆ ನಿಮ್ಮೂರಿನ ಮಾಮೂಲು ಎಷ್ಟು ಅಂತ ಗೊತ್ತಾಗುತ್ತದೆ. ಅದು ಒಂದೇ ವಾರದಲ್ಲಿ ಎರಡು ಪಟ್ಟಾದರೆ, ಅಥವಾ ನಿಮ್ಮ ನರ್ಸುಗಳಲ್ಲೇ ಇಬ್ಬರು ಮೂವರು ಒಟ್ಟಿಗೆ ಮಲಗಿದರೆ, ಟಿವಿ ಏನು ಹೇಳುತ್ತದೆ ಅಂತ ನೋಡದೆ ಮಾಡಿನಡಿ ಕುರ್ಚಿ ಹಾಕಿ, ಜಿಲ್ಲಾ ವೈದ್ಯಾಧಿಕಾರಿಯ ಕಚೇರಿಗೆ ಫೋನ್ ಮಾಡಿ.

ದುಬೈಯವರಿಗೆ ಬೇಸರ ಆಗದ ಹಾಗೆ ಹೀಗೆ ಬರೆಯಬಹುದು: ಎರಡು ವೆಂಟಿಲೇಟರಿನ ದುಡ್ಡಿನಲ್ಲಿ ನಾಲ್ಕು ಕಾನ್ಸಂಟ್ರೇಟರ್, ಹನ್ನೆರಡು ಜಂಬೋ ಸಿಲಿಂಡರ್, ಅವನ್ನು ಜೋಡಿಸುವ ಮ್ಯಾನಿಫೋಲ್ಡು ಮತ್ತು ವಾರ್ಡಿಗೆ ಪೈಪು, ಇಪ್ಪತ್ತು ಆಕ್ಸಿಮೀಟರ್, ಗೇಟಿನ ಮಾಡು — ಇಷ್ಟಕ್ಕೆ ಅಂದಾಜು ಪಟ್ಟಿ ತರಿಸಿ ಜೊತೆಗಿಡುತ್ತೇವೆ ಅಂತ. ಇಬ್ಬರು ನರ್ಸುಗಳನ್ನು ಒಂದು ತಿಂಗಳು ದೊಡ್ಡ ಆಸ್ಪತ್ರೆಯ ಐಸಿಯುವಿನಲ್ಲಿ ತರಬೇತಿಗೆ ಕಳಿಸುವ ಖರ್ಚನ್ನೂ ಸೇರಿಸಿ. ಮುಂದೆ ನಿಜವಾಗಿ ವೆಂಟಿಲೇಟರ್ ಬಂದರೆ ಅದನ್ನು ಮುಟ್ಟುವ ಕೈಗಳು ಇರಬೇಕಲ್ಲ. ದಾನಿಗಳಿಗೆ ಹೆಸರಿನ ಕಲ್ಲು ಬೇಕಾದರೆ ಮಾಡಿನ ಮುಂದಿನ ಕಂಬಕ್ಕೇ ಹಾಕಿಸಿ, ಗೇಟಿನಿಂದ ಬರುವವರಿಗೆಲ್ಲ ಕಾಣುತ್ತದೆ.